ಟೆಕ್ಸಾಸ್ ಹಿಮಗಾಳಿ: ಕರೆಂಟ್ ಹೋಗಿದ್ದು ಚಳಿಗಲ್ಲ, ಉದಾಸೀನಕ್ಕೆ

2021ರ ಫೆಬ್ರವರಿ 16. ನಮ್ಮಲ್ಲಿ ರಾತ್ರಿ ಎಂಟೂವರೆ, ಟೆಕ್ಸಾಸ್‌ನಲ್ಲಿ ಬೆಳಗ್ಗೆ ಒಂಬತ್ತು. ಆಸ್ಟಿನ್ ಹೊರವಲಯದಲ್ಲಿರುವ ನನ್ನ ಕಾಲೇಜು ಗೆಳೆಯ ಫೋನ್ ಮಾಡಿದ್ದ.

"ಮಾರಾಯ, ನೀನು ಎಲೆಕ್ಟ್ರಿಕಲ್ ಓದಿದವನಲ್ವಾ? ನಿನ್ನೆ ಬೆಳಗಿನ ಜಾವ ಎರಡು ಗಂಟೆಗೆ ಹೋದ ಕರೆಂಟು ಇನ್ನೂ ಬಂದಿಲ್ಲ. ಅಮೆರಿಕದಲ್ಲಿ ಹಿಂಗಾಗತ್ತಾ?"

ಮನೆಯೊಳಗೆ ಎಂಟು ಡಿಗ್ರಿ. ನಾಲ್ಕು ವರ್ಷದ ಮಗಳಿಗೆ ಎರಡು ಸ್ವೆಟರ್ ಮೇಲೆ ಅಪ್ಪನ ಜಾಕೆಟ್ ಸುತ್ತಿದ್ದಾರೆ. ನಲ್ಲಿಯಲ್ಲಿ ನೀರಿಲ್ಲ. ಬೆಂಗಳೂರಿನಲ್ಲಿರುವ ಮ್ಯಾನೇಜರ್ "ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೊಂಡು ಒಂದ್ ಗಂಟೆ ಲಾಗಿನ್ ಆಗು, ಕ್ಲೈಂಟ್ ಕಾಲ್ ಇದೆ" ಅಂತ ಮೆಸೇಜ್ ಮಾಡಿದ್ದಾರೆ. ಅದಕ್ಕೇ ಅವನು ಕಾರು ಸ್ಟಾರ್ಟ್ ಮಾಡಿ, ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಕೂತಿದ್ದಾನೆ. ಜೊತೆಗೆ ಹೆಂಡತಿ, ಮಗಳು. ಬೆಚ್ಚಗಿದೆಯಲ್ಲ ಅಂತ.

"ಕಾರು ಎಲ್ಲಿದೆ?" ಅಂದೆ.

"ಗ್ಯಾರೇಜಲ್ಲಿ."

"ಬಾಗಿಲು ತೆಗೆದಿದೆಯಾ?"

"ಸ್ವಲ್ಪ ತೆಗ್ದಿದೀನಿ. ಪೂರ್ತಿ ತೆಗೆದ್ರೆ ಗಾಳಿ ಹೊಡೀತದೆ."

ಆ ಕ್ಷಣ ನನ್ನ ಎದೆ ಧಸಕ್ಕೆಂದಿತು. "ಮೊದಲು ಎಂಜಿನ್ ಆಫ್ ಮಾಡು. ಮೂವರೂ ಈಚೆ ಬನ್ನಿ. ಆಮೇಲೆ ಮಾತಾಡೋಣ" ಅಂದೆ. ಅವನು ಬಂದ. ಅದೇ ವಾರ ಹಾಗೆ ಈಚೆ ಬರಲಾರದವರು ಆ ರಾಜ್ಯದಲ್ಲಿ ಹಲವರಿದ್ದರು.

ಅವನ ಪ್ರಶ್ನೆಗೆ ಆವತ್ತು ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ತನಿಖಾ ವರದಿಗಳೆಲ್ಲ ಬಂದ ಮೇಲೆ ಉತ್ತರ ಸಿಕ್ಕಿತು. ಅದು ಟೆಕ್ಸಾಸ್‌ಗೆ ಮಾತ್ರ ಸಂಬಂಧಿಸಿದ್ದಲ್ಲ ಅನ್ನೋ ಕಾರಣಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಎಷ್ಟು ಚಳಿ, ಎಷ್ಟು ಕತ್ತಲು?

ಬೇಸಿಗೆಯಲ್ಲಿ ನಮ್ಮ ಕಲಬುರಗಿಯಂತೆ ಕಾಯುವ ಊರುಗಳು ಅವು. ಆ ಫೆಬ್ರವರಿಯಲ್ಲಿ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಡಲ್ಲಾಸ್ 1949ರ ನಂತರ ಅಂಥ ಚಳಿ ಕಂಡಿರಲಿಲ್ಲ. ಚಂಡಮಾರುತಕ್ಕೆ ಅಲ್ಲಿನ ಹವಾಮಾನ ವಾಹಿನಿಯೊಂದು 'ಉರಿ' ಅಂತ ಹೆಸರಿಟ್ಟಿತ್ತು. ಕನ್ನಡದಲ್ಲಿ ಓದಿದರೆ ಕ್ರೂರ ತಮಾಷೆ.

45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಪೈಪುಗಳು ಒಡೆದವು, ನೀರಿನ ಒತ್ತಡ ಬಿತ್ತು. ಒಂದು ಕೋಟಿಗೂ ಹೆಚ್ಚು ಜನರಿಗೆ ನೀರು ಕುದಿಸಿ ಕುಡಿಯಿರಿ ಎಂಬ ಸೂಚನೆ ಹೋಯಿತು. ಸರ್ಕಾರಿ ಲೆಕ್ಕದಲ್ಲೇ 246 ಸಾವು. ಹೆಚ್ಚಿನವರು ಸತ್ತದ್ದು ಮೈ ಬಿಸಿ ಇಳಿದು. ತಮ್ಮದೇ ಮನೆಗಳಲ್ಲಿ, ಹೊದ್ದುಕೊಂಡ ಕಂಬಳಿಯೊಳಗೇ ಸತ್ತವರೂ ಇದ್ದರು.

ಒಂದೇ ತೇರು, ಒಂದೇ ಹಗ್ಗ

ಗ್ರಿಡ್ ಅಂದರೇನು ಅಂತ ನಾನು ಜನರಿಗೆ ಹೇಳುವುದು ತೇರಿನ ಲೆಕ್ಕದಲ್ಲಿ. ರಾಜ್ಯದ ಎಲ್ಲ ವಿದ್ಯುತ್ ಸ್ಥಾವರಗಳೂ ಒಂದೇ ಹಗ್ಗ ಹಿಡಿದು ಒಂದೇ ತೇರು ಎಳೆಯುತ್ತಿವೆ ಅಂದುಕೊಳ್ಳಿ. ತೇರಿನ ಭಾರ ಅಂದರೆ ನಾವೆಲ್ಲ ಬಳಸುವ ಕರೆಂಟು. ತೇರಿನ ವೇಗವೇ ಫ್ರೀಕ್ವೆನ್ಸಿ. ನಮ್ಮಲ್ಲಿ ಅದು 50 ಹರ್ಟ್ಸ್, ಅಮೆರಿಕದಲ್ಲಿ 60. ಭಾರ ಹೆಚ್ಚಾದರೆ ಅಥವಾ ಎಳೆಯುವವರು ಕೈಬಿಟ್ಟರೆ ವೇಗ ಇಳಿಯುತ್ತದೆ. ತುಂಬ ಇಳಿದರೆ ಟರ್ಬೈನುಗಳು ಹಾಳಾಗುತ್ತವೆ. ಹಾಗಾಗಬಾರದು ಅಂತ ಸ್ಥಾವರಗಳು ತಮ್ಮಷ್ಟಕ್ಕೆ ತಾವೇ ಹಗ್ಗ ಬಿಟ್ಟುಬಿಡುತ್ತವೆ. ಒಬ್ಬ ಬಿಟ್ಟ ಭಾರ ಇನ್ನೊಬ್ಬನ ಮೇಲೆ, ಅವನೂ ಬಿಟ್ಟರೆ ಮತ್ತೊಬ್ಬನ ಮೇಲೆ.

ಫೆಬ್ರವರಿ 15ರ ನಸುಕಿನಲ್ಲಿ ಟೆಕ್ಸಾಸ್‌ನಲ್ಲಿ ಆಗಿದ್ದು ಇದೇ. ಹೊರಗೆ ಚಳಿ ಏರಿದಂತೆ ಹೀಟರುಗಳು ಹೆಚ್ಚಾದವು. ಅದೇ ಹೊತ್ತಿಗೆ ಸ್ಥಾವರಗಳು ಒಂದರ ಹಿಂದೆ ಒಂದು ನಿಂತವು. ವೇಗ 59.302 ಹರ್ಟ್ಸ್‌ವರೆಗೆ ಇಳಿಯಿತು. 59.4ಕ್ಕಿಂತ ಕೆಳಗೆ 9 ನಿಮಿಷ ಇದ್ದರೆ ಉಳಿದ ಸ್ಥಾವರಗಳೂ ಕಳಚಿಕೊಳ್ಳುವಂತೆ ವ್ಯವಸ್ಥೆ ಇದೆ. ಗ್ರಿಡ್ ಅಲ್ಲಿದ್ದದ್ದು 4 ನಿಮಿಷ 23 ಸೆಕೆಂಡು. ಇನ್ನು 4 ನಿಮಿಷ 37 ಸೆಕೆಂಡು ಕಳೆದಿದ್ದರೆ ಇಡೀ ಗ್ರಿಡ್ ಸಂಪೂರ್ಣ ಕತ್ತಲು. ಅಲ್ಲಿಂದ ಮತ್ತೆ ಎದ್ದು ನಿಲ್ಲಲು ವಾರಗಳೇ ಬೇಕಾಗುತ್ತಿದ್ದವು.

ಅದನ್ನು ತಪ್ಪಿಸಿದವರು ಆ ರಾತ್ರಿ ಕಂಟ್ರೋಲ್ ರೂಮಿನಲ್ಲಿ ಪಾಳಿಯಲ್ಲಿದ್ದವರು. ಟೆಕ್ಸಾಸ್ ಗ್ರಿಡ್ ನಡೆಸುವ ಎರ್ಕಾಟ್ ಸಂಸ್ಥೆಯ ಆಪರೇಟರ್‌ಗಳು ಲೋಡ್ ಶೆಡ್ಡಿಂಗ್‌ಗೆ ಆದೇಶ ಕೊಡುತ್ತಲೇ ಹೋದರು. ಅದು 20,000 ಮೆಗಾವ್ಯಾಟ್ ಮುಟ್ಟಿತು. ಇಡೀ ಕರ್ನಾಟಕದ ಬೇಸಿಗೆಯ ಗರಿಷ್ಠ ಬೇಡಿಕೆಗಿಂತಲೂ ಅದು ದೊಡ್ಡದು. ಸುಮಾರು 70 ಗಂಟೆ ಹಾಗೇ ನಡೆಯಿತು.

"ಸರದಿ" ಅಂದದ್ದು ಯಾಕೆ ಸರದಿಯಾಗಲಿಲ್ಲ?

ಗೆಳೆಯನ ದೊಡ್ಡ ಸಿಟ್ಟು ಇದೇ ಆಗಿತ್ತು. "15 ನಿಮಿಷ, ಅರ್ಧ ಗಂಟೆ ಸರದಿ ಮೇಲೆ ತೆಗೀತೀವಿ ಅಂದ್ರು. ನಮ್ದು ಮೂರು ದಿನ. ಆ ಕಡೆ ಡೌನ್‌ಟೌನಲ್ಲಿ ಖಾಲಿ ಆಫೀಸ್‌ಗಳು ಝಗಮಗ ಅಂತಿದ್ವು."

ಇದರ ಹಿಂದೆ ಪಕ್ಷಪಾತಕ್ಕಿಂತ ಹೆಚ್ಚಾಗಿ ವಿನ್ಯಾಸದ ದೋಷ ಇದೆ. ಕರೆಂಟ್ ತೆಗೆಯುವುದು ಮನೆ ಲೆಕ್ಕದಲ್ಲಲ್ಲ, ಫೀಡರ್ ಲೆಕ್ಕದಲ್ಲಿ. ಆಸ್ಪತ್ರೆ, ನೀರಿನ ಪಂಪ್ ಇರುವ ಫೀಡರ್ ಮುಟ್ಟುವ ಹಾಗಿಲ್ಲ. ಫ್ರೀಕ್ವೆನ್ಸಿ ಕುಸಿದರೆ ತಾನಾಗಿ ಕಡಿತಗೊಳ್ಳಬೇಕಾದ ಕೆಲವು ಫೀಡರುಗಳನ್ನೂ ಕಾದಿಡಬೇಕು. ಇವನ್ನೆಲ್ಲ ಬಿಟ್ಟು ಉಳಿದ ಫೀಡರುಗಳನ್ನು ಪೂರ್ತಿ ಆರಿಸಿದರೂ ಬೇಕಾದಷ್ಟು ಕಡಿತ ಆಗದ ಸ್ಥಿತಿ ಹಲವೆಡೆ ಬಂತು. ಅದಲು ಬದಲು ಮಾಡಲು ಬೇರೆ ಫೀಡರೇ ಇಲ್ಲದಿದ್ದರೆ ಸರದಿ ಎಲ್ಲಿಂದ ಬರಬೇಕು? ಆಸ್ಪತ್ರೆ ಇರುವ ಡೌನ್‌ಟೌನ್ ಬೆಳಗಿತು, ಬಡಾವಣೆಗಳು ಕೊರೆದವು.

ಗಾಳಿಯಂತ್ರದ ಮೇಲೆ ಗೂಬೆ

ಮರುದಿನವೇ ಕೆಲವು ರಾಜಕಾರಣಿಗಳು ಗಾಳಿಯಂತ್ರಗಳ ಮೇಲೆ ಗೂಬೆ ಕೂರಿಸಿದರು. ರೆಕ್ಕೆಗಳಿಗೆ ಮಂಜುಗಡ್ಡೆ ಕಟ್ಟಿ ಹಲವು ನಿಂತದ್ದು ನಿಜ. ಆದರೆ ಅಮೆರಿಕದ ಕೇಂದ್ರ ಇಂಧನ ನಿಯಂತ್ರಣ ಆಯೋಗ ಮತ್ತು ಗ್ರಿಡ್ ಸುರಕ್ಷತಾ ಸಂಸ್ಥೆ ಸೇರಿ ನಡೆಸಿದ ತನಿಖೆ ಬೇರೆಯೇ ಹೇಳಿತು. ತೊಂದರೆಗೆ ಸಿಲುಕಿದ ಘಟಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅನಿಲ ಸ್ಥಾವರಗಳು. ಸ್ಥಗಿತಗಳ ಮುಕ್ಕಾಲು ಪಾಲಿಗೆ ಕಾರಣ ಎರಡೇ: ಉಪಕರಣ ಹೆಪ್ಪುಗಟ್ಟಿದ್ದು ಮತ್ತು ಇಂಧನ ಬಾರದ್ದು. ಒಂದು ಅಣುವಿದ್ಯುತ್ ಘಟಕವೂ ನಿಂತಿತು, ಅದೂ ರಿಯಾಕ್ಟರ್ ದೋಷದಿಂದಲ್ಲ. ನೀರಿನ ಪಂಪಿನ ಒತ್ತಡ ಅಳೆಯುವ ಸಣ್ಣ ಕೊಳವೆಯಲ್ಲಿ ನೀರು ಗಡ್ಡೆ ಕಟ್ಟಿತ್ತು, ಅಷ್ಟೇ.

ಇದರಲ್ಲಿ ಎಂಥವರೂ ಹಣೆ ಚಚ್ಚಿಕೊಳ್ಳುವ ಸಂಗತಿ ಒಂದಿದೆ. ಅನಿಲವನ್ನು ಪೈಪಿನಲ್ಲಿ ತಳ್ಳುವ ಕೆಲವು ಕಂಪ್ರೆಸರ್‌ಗಳು ನಡೆಯುವುದು ಕರೆಂಟಿನಿಂದ. "ನಮ್ಮದು ತುರ್ತು ಸೇವೆ, ಕಡಿತ ಮಾಡಬೇಡಿ" ಅನ್ನುವ ಫಾರಂ ಅನ್ನು ಅವುಗಳಲ್ಲಿ ಬಹಳಷ್ಟು ಕಂಪನಿಗಳು ತುಂಬಿಯೇ ಇರಲಿಲ್ಲ. ಲೋಡ್ ಶೆಡ್ಡಿಂಗ್‌ನಲ್ಲಿ ಅವಕ್ಕೂ ಕರೆಂಟ್ ಹೋಯಿತು. ಅನಿಲ ನಿಂತಿತು. ಅನಿಲ ನಂಬಿದ ಸ್ಥಾವರ ನಿಂತಿತು. ಅದಕ್ಕೆ ಮತ್ತಷ್ಟು ಲೋಡ್ ಶೆಡ್ಡಿಂಗ್.

ಹಾಗಂತ ಟೆಕ್ಸಾಸ್‌ನ ಎಂಜಿನಿಯರುಗಳು ದಡ್ಡರಲ್ಲ. ಅಲ್ಲಿನ ಸ್ಥಾವರಗಳನ್ನು ಬೇಸಿಗೆಯ ಬಿಸಿ ಹೊರಹೋಗಲಿ ಅಂತ ಗೋಡೆಯಿಲ್ಲದೆ ಬಯಲಿಗೆ ತೆರೆದಿಟ್ಟು ಕಟ್ಟುತ್ತಾರೆ. ಕೆನಡಾದಲ್ಲಿ ಅದೇ ಯಂತ್ರಗಳು ಕಟ್ಟಡದೊಳಗಿರುತ್ತವೆ, ಕೊಳವೆಗೆ ಹೀಟರ್ ಸುತ್ತಿರುತ್ತಾರೆ, ಗಾಳಿಯಂತ್ರದ ರೆಕ್ಕೆಗೂ ಕಾವು ಕೊಡುತ್ತಾರೆ. ಅಲ್ಲಿ ಮೈನಸ್ 30ರಲ್ಲೂ ಓಡುತ್ತವೆ. ತಂತ್ರಜ್ಞಾನ ಇತ್ತು. ಖರ್ಚು ಮಾಡಲು ಮನಸ್ಸಿರಲಿಲ್ಲ.

ಎಚ್ಚರಿಕೆಯೂ ಇತ್ತು. 2011ರ ಫೆಬ್ರವರಿಯಲ್ಲಿ ಇಂಥದ್ದೇ ಚಳಿಗೆ ಸ್ಥಾವರಗಳು ನಿಂತು, ಲಕ್ಷಾಂತರ ಜನರಿಗೆ ಕೆಲವು ಗಂಟೆ ಕರೆಂಟ್ ಹೋಗಿತ್ತು. ಅದೇ ವರ್ಷ ಬಂದ ತನಿಖಾ ವರದಿ ಕೊಳವೆ ಮುಚ್ಚಿ, ಹೀಟರ್ ಸುತ್ತಿ ಅಂತ ವಿವರವಾಗಿ ಹೇಳಿತ್ತು. ಕಡ್ಡಾಯ ಮಾಡಲಿಲ್ಲ. ಹತ್ತು ವರ್ಷಕ್ಕೊಮ್ಮೆ ಬರುವ ಚಳಿಗೆ ಯಾರು ದುಡ್ಡು ಸುರಿಯುತ್ತಾರೆ? ಸರಿಯಾಗಿ ಹತ್ತು ವರ್ಷಕ್ಕೆ ಅದು ಮತ್ತೆ ಬಂತು. ಇದೇ ರಾಜ್ಯದ ಎಲ್ ಪಾಸೊ ನಗರದ ಕಂಪನಿ 2011ರ ಪೆಟ್ಟಿನಿಂದ ಪಾಠ ಕಲಿತು ಖರ್ಚು ಮಾಡಿತ್ತು. 2021ರಲ್ಲಿ ಅಲ್ಲಿ ದೊಡ್ಡ ತೊಂದರೆ ಆಗಲಿಲ್ಲ.

ಬಿಕ್ಕಟ್ಟಿನಲ್ಲಿ ಸಗಟು ಮಾರುಕಟ್ಟೆಯ ದರ ಮಾತ್ರ ನಿಯಮ ಪಾಲಿಸಿ ಗರಿಷ್ಠ ಮಿತಿಗೆ ಏರಿತು: ಯೂನಿಟ್‌ಗೆ 9 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 650 ರೂಪಾಯಿ. ಸಗಟು ದರಕ್ಕೆ ಒಪ್ಪಂದ ಮಾಡಿಕೊಂಡಿದ್ದ ಕೆಲವು ಮನೆಗಳಿಗೆ ಸಾವಿರಾರು ಡಾಲರ್ ಬಿಲ್ ಬಂತು.

ರಾಯಚೂರಿನಿಂದ ನೋಡಿದರೆ

ಟೆಕ್ಸಾಸ್ ಪಕ್ಕದ ರಾಜ್ಯಗಳಿಂದ ಕರೆಂಟ್ ತರಲಿಲ್ಲವೇಕೆ? ಕೇಂದ್ರದ ನಿಯಂತ್ರಣ ಬೇಡ ಅಂತ ಅದು ತನ್ನ ಗ್ರಿಡ್ ಅನ್ನು ಬೇರೆಯಾಗಿಯೇ ಇಟ್ಟುಕೊಂಡಿದೆ. ಹೊರಗಿನಿಂದ ತರಲು ಇರುವುದು ಸುಮಾರು 1,200 ಮೆಗಾವ್ಯಾಟ್‌ನ ಕಿರುದಾರಿಗಳು. ಕೊರತೆ 20,000ದ್ದು.

ನಾವೂ ಹಿಂದೆ ಹಾಗೇ ಇದ್ದೆವು. ದಕ್ಷಿಣ ಭಾರತದ ಗ್ರಿಡ್ ದೇಶದ ಉಳಿದ ಗ್ರಿಡ್‌ನೊಂದಿಗೆ ಒಂದೇ ಹಗ್ಗಕ್ಕೆ ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ. ಅದಕ್ಕೂ ಮೊದಲು ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವಂಥ ಡಿ.ಸಿ. ಮಾರ್ಗಗಳಿದ್ದವು. ಡಿ.ಸಿ. ಅಂದರೆ ಕಾಲುವೆಯ ತೂಬಿನಂತೆ, ಎಷ್ಟು ಬೇಕೋ ಅಷ್ಟು ಬಿಡಬಹುದು, ಆಚೆಯ ತೇರಿನ ವೇಗ ಈಚೆಗೆ ತಾಗುವುದಿಲ್ಲ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಕುಸಿದು ಸುಮಾರು 60 ಕೋಟಿ ಜನರ ಪ್ರದೇಶ ಕತ್ತಲಾದಾಗ ದಕ್ಷಿಣ ಉಳಿದುಕೊಂಡದ್ದಕ್ಕೆ ಈ ಬೇರೆತನವೂ ಒಂದು ಕಾರಣ.

ಅಂದರೆ ಒಂಟಿಯಾಗಿರುವುದೇ ಒಳ್ಳೆಯದೇ? ಅಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಒಂಟಿ ಮನೆ ಉಳಿಯುತ್ತದೆ. ತನ್ನ ಮನೆಗೇ ಬಿದ್ದಾಗ ಕೊಡ ಹಿಡಿದು ಬರುವವರು ಇರುವುದಿಲ್ಲ. ಜೋಡಿಸಿಕೊಂಡರೂ ಸಾಲದು. 2022ರ ಡಿಸೆಂಬರ್‌ನ 'ಎಲಿಯಟ್' ಚಂಡಮಾರುತದಲ್ಲಿ ಅಮೆರಿಕದ ಪೂರ್ವದ ವಿಶಾಲ ಗ್ರಿಡ್‌ನೊಳಗೇ ಇದ್ದ ಟೆನೆಸ್ಸಿ ವ್ಯಾಲಿ ಅಥಾರಿಟಿ ತನ್ನ ಇತಿಹಾಸದಲ್ಲೇ ಮೊದಲ ಬಾರಿ ಸರದಿ ಕಡಿತ ಮಾಡಬೇಕಾಯಿತು. ಟೆಕ್ಸಾಸ್ ಆ ಬಾರಿ ಲೋಡ್ ಶೆಡ್ಡಿಂಗ್ ಇಲ್ಲದೆ ದಾಟಿತು. ನಡುವೆ ಆದದ್ದು ಒಂದು ಕಾನೂನು: 2021ರ ಜೂನ್‌ನಲ್ಲಿ ಸಹಿಯಾದ 'ಸೆನೆಟ್ ಬಿಲ್ 3' ಸ್ಥಾವರಗಳ ಚಳಿ ಸಿದ್ಧತೆಯನ್ನು ಕಡ್ಡಾಯ ಮಾಡಿತು. ತಪ್ಪಿದರೆ ದಿನಕ್ಕೆ 10 ಲಕ್ಷ ಡಾಲರ್‌ವರೆಗೆ ದಂಡ.

ಕಂಬ ಹತ್ತುವವರು

ನಮ್ಮಪ್ಪ ಮಲೆನಾಡಿನಲ್ಲಿ ಲೈನ್‌ಮನ್ ಆಗಿದ್ದರು. ಜೂನ್–ಜುಲೈ ಬಂದರೆ ಅವರು ಮನೆಯಲ್ಲಿರುತ್ತಿದ್ದದ್ದೇ ಕಡಿಮೆ. ಮರ ಬಿದ್ದು ತಂತಿ ಹರಿದರೆ ಕಾಡಿನೊಳಗೆ ಕಂಬದಿಂದ ಕಂಬಕ್ಕೆ ನಡೆಯಬೇಕು. ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತಗೊಳ್ಳದೆ ಕಂಬ ಮುಟ್ಟುತ್ತಿರಲಿಲ್ಲ. ಎಲ್‌ಸಿ ಸಿಕ್ಕ ಮೇಲೂ ಅರ್ಥಿಂಗ್ ರಾಡ್ ತಗುಲಿಸಿಯೇ ಕೈ ಹಾಕುತ್ತಿದ್ದರು. "ಸಬ್‌ಸ್ಟೇಷನ್‌ನವ ಆಫ್ ಮಾಡಿರ್ತಾನೆ ಕಣೋ, ಯಾರೋ ಮನೆಯವ ಜನರೇಟರ್ ಹಚ್ಚಿ ಪ್ಲಗ್ಗಿಗೆ ಕೊಟ್ಟಿರ್ತಾನೆ. ಕರೆಂಟು ಹಿಂದಿನಿಂದ ಬರ್ತದೆ" ಅನ್ನೋರು.

ಟೆಕ್ಸಾಸ್‌ನ ಮಂಜಿನಲ್ಲೂ ಕಂಬ ಹತ್ತಿದವರಿಗೆ ಇದೇ ಅಪಾಯ ಇತ್ತು. ಬಿರುಗಾಳಿಯಲ್ಲೂ ಕೆಲಸ ನಿಲ್ಲಿಸಲಾಗದವರು ಎಲ್ಲ ಕಡೆಯೂ ಇದ್ದಾರೆ. ಫೆಬ್ರವರಿ 11ರ ಬೆಳಗ್ಗೆ ಫೋರ್ಟ್ ವರ್ತ್‌ನಲ್ಲಿ ಹಿಮ ಜಾರಿದ ಹೆದ್ದಾರಿಯಲ್ಲಿ 130ಕ್ಕೂ ಹೆಚ್ಚು ವಾಹನಗಳು ಡಿಕ್ಕಿಯಾಗಿ ಆರು ಮಂದಿ ಸತ್ತರು. ಆ ವಾಹನಗಳಲ್ಲಿದ್ದವರಲ್ಲಿ ಆಸ್ಪತ್ರೆ ಪಾಳಿಯ ಸಿಬ್ಬಂದಿಯೂ ಇದ್ದರು. ಅವರು ಬಾರದಿದ್ದರೆ ಆಸ್ಪತ್ರೆ ನಡೆಯುವುದಿಲ್ಲ. ಆದರೆ ಗೆಳೆಯನ ಕ್ಲೈಂಟ್ ಕಾಲ್? ಅದು ಒಂದು ವಾರ ಮುಂದಕ್ಕೆ ಹೋದರೂ ಏನೂ ಆಗುತ್ತಿರಲಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದ ಮ್ಯಾನೇಜರುಗಳು ನಮ್ಮ ನಡುವೆ ಬೇಕಾದಷ್ಟು ಇದ್ದಾರೆ.

ಚಳಿ ನಾಡಿನಲ್ಲಿರುವ ನಮ್ಮವರಿಗೆ

ಅಲ್ಲಿ ಮಕ್ಕಳು, ಬಂಧುಗಳಿದ್ದರೆ ಇಷ್ಟನ್ನು ಹೇಳಿಡಿ.

ಮುಚ್ಚಿದ ಅಥವಾ ಅರೆ ತೆರೆದ ಗ್ಯಾರೇಜಿನಲ್ಲಿ ಕಾರು ಚಾಲೂ ಇಡಬೇಡಿ. ಇದ್ದಿಲ ಒಲೆ, ಜನರೇಟರ್ ಮನೆಯೊಳಗೆ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬರುತ್ತದೆ, ನಿದ್ದೆ ಅಂದುಕೊಳ್ಳುತ್ತೇವೆ. ಬ್ಯಾಟರಿಯಲ್ಲಿ ನಡೆಯುವ ಡಿಟೆಕ್ಟರ್ ಒಂದಿರಲಿ. ಜನರೇಟರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಡಿ. ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ, ಪೈಪು ಒಡೆದರೆ ತಿರುಗಿಸಬೇಕಾದ ಮುಖ್ಯ ವಾಲ್ವ್ ಎಲ್ಲಿದೆ ಅಂತ ಈಗಲೇ ನೋಡಿಡಿ. ಎಲ್ಲರೂ ಒಂದೇ ಚಿಕ್ಕ ಕೋಣೆಯಲ್ಲಿರಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ. ಒಂಟಿ ವೃದ್ಧರು ಪಕ್ಕದಲ್ಲಿದ್ದರೆ ದಿನಕ್ಕೆರಡು ಸಲ ಬಾಗಿಲು ತಟ್ಟಿ.

ಗೆಳೆಯ ಈಗ ಇಷ್ಟನ್ನೂ ಮಾಡಿಟ್ಟಿದ್ದಾನೆ. ಆದರೆ ಸ್ಥಾವರದ ಕೊಳವೆಗೆ ಹೀಟರ್ ಸುತ್ತುವ ಕೆಲಸ ಅವನ ಕೈಯಲ್ಲಿಲ್ಲ. ಅದನ್ನು ಮಾಡಿಸಲು ಕಾನೂನೇ ಬೇಕು, ಆ ಕಾನೂನು ಬರಲು 246 ಸಾವು ಬೇಕಾಯಿತು. ವರದಿ ಮಾತ್ರ ಹತ್ತು ವರ್ಷ ಮೊದಲೇ ಮೇಜಿನ ಮೇಲಿತ್ತು.

ಮಳೆಗಾಲಕ್ಕೆ ಮುಂಚೆ ತಂತಿಯ ಮೇಲಿನ ಕೊಂಬೆ ಕಡಿಯಲು ದುಡ್ಡು ಕೇಳಿದಾಗಲೂ, ರಾಜಕಾಲುವೆಯ ಹೂಳೆತ್ತಲು ಹೇಳಿದಾಗಲೂ ನಮ್ಮಲ್ಲಿ ಕೇಳಿಬರುವ ಉತ್ತರ ಟೆಕ್ಸಾಸ್‌ನದ್ದೇ: "ಪ್ರತಿ ವರ್ಷ ಹಂಗೇನೂ ಆಗಲ್ಲ ಬಿಡ್ರೀ." ನಮ್ಮ ಮೇಜುಗಳ ಮೇಲೆ ಯಾವ್ಯಾವ ವರದಿಗಳು ಕೂತಿವೆ ಅಂತ ಒಮ್ಮೆ ತೆಗೆದು ನೋಡುವುದು ಒಳ್ಳೆಯದು.