ತಾನಾಗಿ ಇಳಿದ ರಕ್ತದೊತ್ತಡ: ಹೃದಯದಲ್ಲಿ ಕೂಡಿಕೊಳ್ಳುವ ವಿಕೃತ ಪ್ರೋಟೀನು

ವರ್ಷಾನುಗಟ್ಟಲೆ ರಕ್ತದೊತ್ತಡದ ಗುಳಿಗೆ ಸೇವಿಸುತ್ತ ಬಂದ ಹಿರಿಯರು ಕೆಲವರು ಒಮ್ಮೆ ಹಿಗ್ಗಿನಿಂದ ಹೇಳುವುದುಂಟು: "ಬಿ.ಪಿ. ತಾನೇ ಇಳದದ ನೋಡ್ರಿ, ಗುಳಿಗಿ ಬಿಟ್ಟೀನಿ." ಕಕ್ಕೇರಾ, ಸುರಪುರ, ಶಹಾಪುರ ಕಡೆಯ ಮನೆಗಳಲ್ಲಿ ಇಂತಹ ಮಾತು ಕೇಳಿದಾಗ ಮನೆಮಂದಿಯೂ ನೆಮ್ಮದಿಪಡುತ್ತಾರೆ, ಪಥ್ಯ ಫಲಿಸಿತೆಂದು ತಿಳಿಯುತ್ತಾರೆ. ಕೆಲವರಲ್ಲಿ ಅದು ನಿಜವೂ ಹೌದು. ಆದರೆ ಅರವತ್ತು ದಾಟಿದವರಲ್ಲಿ, ಅದರಲ್ಲಿಯೂ ಏದುಸಿರು ಮತ್ತು ಕಾಲುಬಾವು ಜೊತೆಗಿದ್ದಾಗ, ಕಾರಣ ತಿಳಿಯದೆ ಇಳಿದ ರಕ್ತದೊತ್ತಡವನ್ನು ಗುಣವೆಂದು ಭಾವಿಸಲಾಗದು; ಅದು ಹೃದಯ ಸೋಲುತ್ತಿರುವುದರ ಗುರುತಾಗಿರಬಹುದು. ಹಾಗೆ ಸೋಲಲು ಇರುವ ಕಾರಣಗಳಲ್ಲಿ ನಮ್ಮ ಜನರಿಗೆ ತೀರ ಅಪರಿಚಿತವಾದ ಒಂದನ್ನು, ಎಂದರೆ ಹೃದಯದ ಗೋಡೆಯೊಳಗೆ ವಿಕೃತ ಪ್ರೋಟೀನು ಕೂಡಿಕೊಳ್ಳುವ 'ಅಮಿಲಾಯ್ಡ್' ರೋಗವನ್ನು, ಈ ತಿಂಗಳು ವಿವರಿಸಬಯಸುತ್ತೇವೆ.

ಮೊದಲು ರಕ್ತದೊತ್ತಡದ ಸಂಗತಿ. ಹೃದಯವು ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ಮಿಡಿಯುತ್ತದೆ. ಒತ್ತಡವು 140/90 ಅಥವಾ ಅದಕ್ಕಿಂತ ಮೇಲೆಯೇ ನಿಂತರೆ, ಪ್ರತಿ ಮಿಡಿತದಲ್ಲಿಯೂ ಎಡ ಹೃತ್ಕುಕ್ಷಿಯು ಹೆಚ್ಚು ಬಲ ಹಾಕಿ ರಕ್ತವನ್ನು ನೂಕಬೇಕಾಗುತ್ತದೆ. ಗರಡಿಯಲ್ಲಿ ಸಾಮು ಮಾಡಿದವನ ತೋಳು ದಪ್ಪವಾಗುವಂತೆ ಆ ಗೋಡೆಯೂ ದಪ್ಪವಾಗುತ್ತದೆ. ತೋಳಿಗೆ ಅದು ಭೂಷಣ, ಹೃದಯಕ್ಕೆ ಹೊರೆ. ಗೋಡೆ ಬಿಗಿದುಕೊಂಡು, ಎರಡು ಮಿಡಿತಗಳ ನಡುವೆ ಸಡಿಲಗೊಂಡು ರಕ್ತ ತುಂಬಿಕೊಳ್ಳುವ ಶಕ್ತಿ ಕುಂದುತ್ತದೆ.

ಅತಿಯಾದ ಒತ್ತಡವು ಹೃದಯದ ಜೀವಕೋಶಗಳ ಒಳಗಿನ ಪ್ರೋಟೀನುಗಳನ್ನೂ ಕೆಡಿಸುತ್ತದೆ. ಪ್ರೋಟೀನೆಂಬುದು ನೂಲಿನ ಎಳೆಯಂಥದು. ಸರಿಯಾಗಿ ಮಡಿಕೆಯಾದರೆ ಮಾತ್ರ ಅದು ತನ್ನ ಕೆಲಸ ಮಾಡುತ್ತದೆ. ಅಮೆರಿಕದ ಡಲ್ಲಾಸ್ ನಗರದ ಸಂಶೋಧಕರು ಇಲಿಗಳ ಮಹಾಧಮನಿಯನ್ನು ಬಿಗಿದು ಹೃದಯದ ಮೇಲೆ ಒತ್ತಡ ಹೇರಿ ನೋಡಿದಾಗ, ಮಡಿಕೆ ಕೆಟ್ಟ ಪ್ರೋಟೀನುಗಳು ಹೃದಯದ ಜೀವಕೋಶಗಳಲ್ಲಿ ಗಂಟುಗಟ್ಟಿದ್ದನ್ನೂ, ಜೀವಕೋಶವು ಆ ಕಸವನ್ನು ತಾನೇ ತೆಗೆದುಹಾಕಲು ಹೆಣಗಿದ್ದನ್ನೂ 2008ರಲ್ಲಿ ವರದಿ ಮಾಡಿದರು. ಇದು ಇಲಿಗಳ ಮಾತು. ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. ರಕ್ತದೊತ್ತಡದಿಂದಲೇ ಅಮಿಲಾಯ್ಡ್ ರೋಗ ಬರುತ್ತದೆಂದು ನಾವು ಹೇಳುತ್ತಿಲ್ಲ. ಆದರೆ ಒಬ್ಬರಲ್ಲಿಯೇ ಎರಡೂ ಇರಬಹುದು. ಹಾಗಿದ್ದಾಗ ಮೊದಲನೆಯದು ಎರಡನೆಯದನ್ನು ಮರೆಮಾಡುತ್ತದೆ.

ಅಮಿಲಾಯ್ಡ್‌ನ ಗಂಟು ಜೀವಕೋಶದ ಒಳಗಲ್ಲ, ಜೀವಕೋಶಗಳ ನಡುವಿನ ಸಂದಿನಲ್ಲಿ ಕೂಡುತ್ತದೆ. 1854ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ ಅಯೋಡಿನ್ ಹಚ್ಚಿದಾಗ ಬಣ್ಣ ತಿರುಗಿದ್ದನ್ನು ಕಂಡು, ಇದು ಪಿಷ್ಟದಂಥ ವಸ್ತುವೆಂದು ಬಗೆದು ಆ ಹೆಸರಿಟ್ಟನು. ಐದೇ ವರ್ಷಗಳಲ್ಲಿ ಅದು ಪಿಷ್ಟವಲ್ಲ, ಪ್ರೋಟೀನು ಎಂದು ತಿಳಿದುಬಂದರೂ ಹೆಸರು ಮಾತ್ರ ಉಳಿಯಿತು. ಹಿರಿಯರ ಹೃದಯದಲ್ಲಿ ಹೆಚ್ಚಾಗಿ ಕೂಡುವುದು 'ಟ್ರಾನ್ಸ್‌ಥೈರೆಟಿನ್' ಎಂಬ ಪ್ರೋಟೀನು. ಯಕೃತ್ತಿನಲ್ಲಿ ಹುಟ್ಟಿ, ಥೈರಾಯ್ಡ್ ರಸವನ್ನೂ 'ಎ' ಜೀವಸತ್ವವನ್ನೂ ರಕ್ತದಲ್ಲಿ ಹೊತ್ತೊಯ್ಯುವುದು ಅದರ ನಿತ್ಯದ ಕೆಲಸ. ನಾಲ್ಕು ಬಿಡಿಭಾಗಗಳು ಒಂದಾಗಿ ಹಿಡಿದುಕೊಂಡಿರುವವರೆಗೆ ತೊಂದರೆಯಿಲ್ಲ. ವಯಸ್ಸಾದಂತೆ ಕೆಲವರಲ್ಲಿ ಅವು ಬಿಡಿಬಿಡಿಯಾಗಿ, ಮಡಿಕೆ ಕೆಟ್ಟು, ಕರಗದ ನಾರಾಗಿ ಹೃದಯದಲ್ಲಿ ನಿಲ್ಲುತ್ತವೆ. ಫಿನ್ಲೆಂಡಿನಲ್ಲಿ 85 ವರ್ಷ ದಾಟಿ ತೀರಿಕೊಂಡವರ ದೇಹಗಳನ್ನು ಪರೀಕ್ಷಿಸಿದಾಗ ನಾಲ್ವರಲ್ಲಿ ಒಬ್ಬರಲ್ಲಿ ಇದರ ಕುರುಹು ಸಿಕ್ಕಿತು. ಕುರುಹು ಇದ್ದವರೆಲ್ಲರೂ ರೋಗಿಗಳಲ್ಲವೆಂಬುದೂ ನಿಜ. ಇನ್ನೊಂದು ಸಂದೇಹ ಹಲವರಿಗೆ ಬರಬಹುದು: ಬೇಳೆ, ಶೇಂಗಾ, ಹಾಲು ಬಿಡಬೇಕೇ? ಬೇಕಿಲ್ಲ. ಊಟದ ಪ್ರೋಟೀನಿಗೂ ಈ ರೋಗಕ್ಕೂ ಸಂಬಂಧವಿಲ್ಲ.

ನಾರಾಯಣಪುರದ ಬಸವಸಾಗರದ ಕಾಲುವೆ ನೋಡಿದವರಿಗೆ ಒಂದು ಹೋಲಿಕೆ ಹೇಳಬಹುದು. ಕಾಲುವೆಯ ದಂಡೆಯನ್ನು ಕಲ್ಲು ಸೇರಿಸಿ ದಪ್ಪವಾಗಿ ಕಟ್ಟುವುದು ಒಂದು. ಕಾಲುವೆಯೊಳಗೆ ಹೂಳು ಕೂಡುವುದು ಮತ್ತೊಂದು. ಎರಡರಲ್ಲಿಯೂ ನೀರಿನ ಜಾಗ ಕಿರಿದಾಗುತ್ತದೆ, ಆದರೆ ಹೂಳಿಗೆ ದಂಡೆಯ ಬಲವಿಲ್ಲ. ಎಕೋ ಪರೀಕ್ಷೆಯಲ್ಲಿ ಎರಡು ಹೃದಯಗಳೂ ದಪ್ಪಗೋಡೆಯವಾಗಿಯೇ ಕಾಣುತ್ತವೆ, 12 ಮಿಲಿಮೀಟರ್ ಅಥವಾ ಹೆಚ್ಚು. "ಬಿ.ಪಿ. ಇತ್ತಲ್ಲ, ಅದಕ್ಕೇ ದಪ್ಪವಾಗಿದೆ" ಎಂದು ಮುಂದೆ ಸಾಗುವುದು ಸುಲಭ. ವ್ಯತ್ಯಾಸ ತೋರಿಸುವುದು ಇಸಿಜಿ. ಸ್ನಾಯುವೇ ಬೆಳೆದಿದ್ದರೆ ಅದರ ವಿದ್ಯುತ್ತಿನ ಅಲೆ ಎತ್ತರವಾಗಿರುತ್ತದೆ. ಗೋಡೆ ದಪ್ಪವಿದ್ದೂ ಅಲೆ ಗಿಡ್ಡವಾಗಿದ್ದರೆ, ದಪ್ಪಕ್ಕೆ ಕಾರಣ ಸ್ನಾಯುವಲ್ಲ, ಹೂಳು ಎಂದು ಶಂಕಿಸಬೇಕು. ಎಲ್ಲ ರೋಗಿಗಳಲ್ಲಿಯೂ ಹೀಗೆ ಸ್ಪಷ್ಟವಾಗಿ ಕಾಣದು. ಆದುದರಿಂದ ಇಸಿಜಿ ಒಂದರಿಂದಲೇ ರೋಗವಿಲ್ಲವೆಂದು ತೀರ್ಮಾನಿಸಬಾರದು.

ಒತ್ತಡ ಏಕೆ ಇಳಿಯುತ್ತದೆ? ಹೂಳು ತುಂಬಿದ ಹೃದಯವು ಹಿಗ್ಗಲಾರದು. ಹಿಗ್ಗದ ಹೃದಯದಲ್ಲಿ ರಕ್ತ ತುಂಬದು. ತುಂಬದ್ದನ್ನು ಹೊರನೂಕುವುದಾದರೂ ಹೇಗೆ? ಅದರ ಮೇಲೆ, ಅದೇ ವಸ್ತು ನರಗಳಲ್ಲಿಯೂ ಕೂಡಿದರೆ, ಎದ್ದು ನಿಂತಾಗ ರಕ್ತನಾಳಗಳು ಬಿಗಿದುಕೊಳ್ಳುವ ಸಹಜ ಕ್ರಿಯೆ ತಪ್ಪುತ್ತದೆ. ಪೂಜೆ ಮುಗಿಸಿ ನೆಲದಿಂದ ಏಳುವಾಗ ಕಣ್ಣು ಕತ್ತಲೆಗಟ್ಟುವುದು ಇದರಿಂದಲೇ. ಹಿಂದೆ 160 ಇದ್ದವರು ಗುಳಿಗೆಯಿಲ್ಲದೆ 105ಕ್ಕೆ ಬರುತ್ತಾರೆ. ಮೊದಲು ಸರಿಹೋಗುತ್ತಿದ್ದ ಗುಳಿಗೆಯೇ ಈಗ ತಲೆಸುತ್ತು ತರುತ್ತದೆ.

ಈ ರೋಗವು ಹೃದಯಕ್ಕಿಂತ ಮೊದಲು ಕೈಯಲ್ಲಿ ಕಾಣಿಸಿಕೊಳ್ಳಬಹುದೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಮಣಿಕಟ್ಟಿನ ಕಿರಿದಾದ ಹಾದಿಯಲ್ಲಿ ಪ್ರೋಟೀನು ಕೂಡಿ ನರವನ್ನು ಒತ್ತುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮುಗಟ್ಟುತ್ತವೆ. ಅಂಗಿಯ ಗುಂಡಿ ಹಾಕುವುದು, ಶಿವದಾರದ ಗಂಟು ಬಿಚ್ಚುವುದು ಕಷ್ಟವಾಗುತ್ತದೆ. ರೊಟ್ಟಿ ತಟ್ಟಿ, ಕಳೆ ಕಿತ್ತು ಸವೆದ ಕೈಗಳಲ್ಲಿ ಇದು ಸಾಮಾನ್ಯ ತೊಂದರೆ. ಸಕ್ಕರೆ ಕಾಯಿಲೆಯಲ್ಲಿಯೂ ಬರುತ್ತದೆ. ಆದರೆ ವಯಸ್ಸಾದ ಗಂಡಸರಲ್ಲಿ ಎರಡೂ ಕೈಗಳಿಗೆ ಬಂದು, ಐದು ಹತ್ತು ವರ್ಷಗಳ ನಂತರ ಏದುಸಿರು ಆರಂಭವಾದರೆ ಎರಡನ್ನೂ ಕೂಡಿಸಿ ನೋಡಬೇಕು. ಕೈಗೆ ಒಬ್ಬ ವೈದ್ಯರು, ಹೃದಯಕ್ಕೆ ಇನ್ನೊಬ್ಬರು; ಕೂಡಿಸಿ ನೋಡುವವರು ಯಾರೂ ಇಲ್ಲದಂತಾಗುವುದೇ ದೊಡ್ಡ ತೊಡಕು.

ಹಾಗೆಂದು ಯಾರೂ ಗಾಬರಿಯಾಗಬೇಕಿಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಬೇಸಿಗೆಯಲ್ಲಿ ಬೆವರು ಸುರಿದು ನೀರು ಕಡಿಮೆಯಾದರೂ ಒತ್ತಡ ಇಳಿಯುತ್ತದೆ. ವಾಂತಿ ಭೇದಿ, ತೂಕ ಇಳಿಯುವುದು, ಗುಳಿಗೆಯ ಪ್ರಮಾಣ ಹೆಚ್ಚಾಗುವುದು, ಹಿಂದೆ ತಿಳಿಯದೆ ಆಗಿಹೋದ ಹೃದಯಾಘಾತ, ಇವೆಲ್ಲ ಅಮಿಲಾಯ್ಡ್‌ಗಿಂತ ಎಷ್ಟೋ ಸಾಮಾನ್ಯವಾದ ಕಾರಣಗಳು. ಒತ್ತಡ ಹೆಚ್ಚಿರುವವರು ಈ ಲೇಖನ ಓದಿ ಗುಳಿಗೆ ಬಿಡುವುದಂತೂ ಸರ್ವಥಾ ಕೂಡದು. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚದೊಳಗೆ ಇರಬೇಕು. ಅದರಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಸೇರುತ್ತದೆ.

ಆರೋಗ್ಯ ಕೇಂದ್ರದಲ್ಲಿ ಕುಳಿತಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಒತ್ತಡ ಅಳೆಯಿಸುವುದು ಮೊದಲ ಹೆಜ್ಜೆ. ಸಂದೇಹ ಉಳಿದರೆ ಸುರಪುರ ಅಥವಾ ಯಾದಗಿರಿಯ ಸರಕಾರಿ ಆಸ್ಪತ್ರೆಗೆ, ಅಲ್ಲಿಂದ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಬಹುದು. ಟೆಕ್ನೀಶಿಯಂ ಎಂಬ ವಸ್ತುವನ್ನು ಚುಚ್ಚಿ ತೆಗೆಯುವ ಒಂದು ಬಗೆಯ ಮೂಳೆ ಸ್ಕ್ಯಾನಿನಲ್ಲಿ ಹೃದಯವೇ ಹೊಳೆದು ಕಂಡು, ರಕ್ತ ಮತ್ತು ಮೂತ್ರ ಪರೀಕ್ಷೆಗಳಲ್ಲಿ ಬೇರೆ ದೋಷವಿಲ್ಲದಿದ್ದರೆ, ಹೃದಯದ ಚೂರು ತೆಗೆಯದೆಯೇ ಟ್ರಾನ್ಸ್‌ಥೈರೆಟಿನ್ ರೋಗವೆಂದು ನಿರ್ಧರಿಸಬಹುದೆಂದು 2016ರಲ್ಲಿ ತಜ್ಞರು ಒಪ್ಪಿದರು. ಆ ರಕ್ತ, ಮೂತ್ರ ಪರೀಕ್ಷೆಗಳನ್ನು ಎಂದಿಗೂ ಕೈಬಿಡಬಾರದು. ಏಕೆಂದರೆ ಮೂಳೆಯ ನೆಣದಿಂದ ಹುಟ್ಟುವ ಇನ್ನೊಂದು ಅಮಿಲಾಯ್ಡ್ ಇದೆ. ಅದು ತಿಂಗಳುಗಳಲ್ಲಿಯೇ ಪ್ರಾಣಕ್ಕೆ ಎರವಾಗಬಲ್ಲದು, ಅದಕ್ಕೆ ಬೇಕಾದ ಚಿಕಿತ್ಸೆಯೂ ಬೇರೆ.

ಟ್ರಾನ್ಸ್‌ಥೈರೆಟಿನ್‌ನ ನಾಲ್ಕು ಭಾಗಗಳು ಬಿಡಿಯಾಗದಂತೆ ಹಿಡಿದಿಡುವ 'ಟಫಾಮಿಡಿಸ್' ಎಂಬ ಔಷಧಿಯನ್ನು 441 ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2018ರಲ್ಲಿ ಬಂದಿತು. 30 ತಿಂಗಳಲ್ಲಿ, ಔಷಧಿ ಪಡೆಯದವರಲ್ಲಿ ನೂರಕ್ಕೆ ಸುಮಾರು 43 ಜನ ತೀರಿಕೊಂಡರೆ, ಪಡೆದವರಲ್ಲಿ ಸುಮಾರು 30 ಜನ. ಔಷಧಿ ದುಬಾರಿ, ಈಗಾಗಲೇ ಕೂಡಿದ ಹೂಳನ್ನು ಅದು ತೆಗೆಯುವುದೂ ಇಲ್ಲ, ಹೊಸದು ಕೂಡುವುದನ್ನು ನಿಧಾನಗೊಳಿಸುತ್ತದೆ. ಆದರೆ ಔಷಧಿ ಕೊಳ್ಳಲಾಗದವರಿಗೂ ರೋಗ ತಿಳಿದಿರುವುದರಿಂದ ಲಾಭವುಂಟು. ಬಿ.ಪಿ.ಗೆ ಕೊಡುವ ವೆರಾಪಮಿಲ್, ಡಿಲ್ಟಿಯಾಜೆಮ್‌ನಂತಹ ಗುಳಿಗೆಗಳು ಈ ಹೃದಯಕ್ಕೆ ಕೇಡು ಮಾಡಬಲ್ಲವು. ಮಿಡಿತ ತಗ್ಗಿಸುವ ಬೇರೆ ಗುಳಿಗೆಗಳೂ ಹಲವರಿಗೆ ಒಗ್ಗುವುದಿಲ್ಲ. ಇವನ್ನು ಬದಲಾಯಿಸಿ, ಮೂತ್ರ ಹೋಗುವ ಗುಳಿಗೆಯನ್ನು ಅಳತೆಯಲ್ಲಿ ಕೊಟ್ಟರೆ ಏದುಸಿರು, ಬಾವು ತಗ್ಗಿ ಹಿರಿಯರು ರಾತ್ರಿ ಮಲಗಿ ನಿದ್ರಿಸುವಂತಾಗುತ್ತದೆ. ಬದಲಾವಣೆ ವೈದ್ಯರಿಂದಲೇ ಆಗಬೇಕು.

ಆಸ್ಪತ್ರೆಗೆ ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ. ಯಾವ ವರ್ಷ ಒತ್ತಡ ಎಷ್ಟಿತ್ತು, ಯಾವಾಗ ಗುಳಿಗೆ ನಿಂತಿತು ಎಂಬುದು ಅವುಗಳಲ್ಲಿ ಮಾತ್ರ ಇರುತ್ತದೆ. ಮಣಿಕಟ್ಟಿನ ಶಸ್ತ್ರಚಿಕಿತ್ಸೆ ಆಗಿದ್ದರೆ, ಅವರು ಕೇಳದಿದ್ದರೂ, ಹೃದಯದ ವೈದ್ಯರಿಗೆ ಹೇಳಿರಿ. ಒಡಹುಟ್ಟಿದವರಲ್ಲಿ ಯಾರಿಗಾದರೂ ಹೀಗೆಯೇ ಕೈಜೋಮು, ಏದುಸಿರು ಇದ್ದರೆ ಅದನ್ನೂ ಹೇಳಬೇಕು. ಈ ರೋಗದ ಒಂದು ಬಗೆ ವಂಶದಲ್ಲಿ ಹರಿದುಬರುತ್ತದೆ.