ಗುರುದತ್: ಬಾಟಲಿ ನುಂಗಿದ ಚಿತ್ರಗಳು

ಇಡಗುಂಜಿ ಗಣಪತಿಗೆ ಕೈಮುಗಿದು, ಪಂಚಖಾದ್ಯದ ಪ್ರಸಾದ ಹಿಡಿದು ಹೆದ್ದಾರಿಗೆ ಬಂದವರು ಭಟ್ಕಳದ ಕಡೆಗೆ ತಿರುಗಿದರೆ, ಮುರ್ಡೇಶ್ವರದ ತಿರುವು ದಾಟಿದ ಮೇಲೆ ಶಿರಾಲಿ ಸಿಗುತ್ತದೆ. ಚಿತ್ರಾಪುರ ಸಾರಸ್ವತರ ಮಠ ಇರುವುದು ಇಲ್ಲಿ. ಉದ್ಯೋಗ ಅರಸಿ ಮುಂಬೈ, ಬೆಂಗಳೂರು, ಕಲ್ಕತ್ತ ಸೇರಿದ ಈ ಪುಟ್ಟ ಸಮಾಜ ದೇಶಕ್ಕೆ ಕೊಟ್ಟ ದೊಡ್ಡ ಹೆಸರುಗಳಲ್ಲಿ ಒಂದು, ಹಿಂದಿ ಚಿತ್ರಗಳ ನಿರ್ದೇಶಕ ಗುರುದತ್ ಪಡುಕೋಣೆ. ಕಲ್ಕತ್ತದಲ್ಲಿ ಬೆಳೆದದ್ದರಿಂದ, ಹೆಸರಿನ ಕೊನೆಯ ‘ದತ್’ನಿಂದ, ಅವರನ್ನು ಬಂಗಾಳಿ ಎಂದುಕೊಂಡವರೇ ಹೆಚ್ಚು. ಆದರೆ 1925ರ ಜುಲೈ 9ರಂದು ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ. ಕೈಬಿಟ್ಟ ಪಡುಕೋಣೆ ಎಂಬ ಅಡ್ಡಹೆಸರು ಕುಂದಾಪುರದ ಬದಿಯ ಊರಿನದು. ತಾಯಿ ವಾಸಂತಿ ಪಡುಕೋಣೆ ಮಗನ ಕಥೆಯನ್ನು ಬರೆದದ್ದು ಕನ್ನಡದಲ್ಲಿ.

ಇದೇ ಸಮಾಜದ, ಹೊನ್ನಾವರದ ನೆಲದಲ್ಲೇ ಹುಟ್ಟಿದ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ತೀರಿಕೊಂಡಾಗ ಅವರಿಗೆ 35 ವರ್ಷ. ಗುರುದತ್ ಹೋದದ್ದು 39ಕ್ಕೆ. ಶಂಕರ್ ಅವರನ್ನು ಕಿತ್ತುಕೊಂಡದ್ದು ಹೆದ್ದಾರಿಯ ಒಂದು ಕ್ಷಣ. ಗುರುದತ್ ಅವರನ್ನು ಮದ್ಯ, ಸಿಗರೇಟು, ನಿದ್ದೆಗುಳಿಗೆಗಳು ವರ್ಷಗಟ್ಟಲೆ ಸವೆಸಿದವು. ಮೊದಲನೆಯದನ್ನು ನಾವು ಅಪಘಾತ ಎನ್ನುತ್ತೇವೆ. ಎರಡನೆಯದನ್ನು ಮಾತ್ರ ಯಾಕೋ ‘ಪ್ರತಿಭೆಯ ದುರಂತ’ ಎಂದು ಕರೆದು, ಕಾಯಿಲೆಗೆ ಕಿರೀಟ ತೊಡಿಸುತ್ತೇವೆ.

ಎಂಟು ಚಿತ್ರ, ಆಮೇಲೆ ಇಲ್ಲ

ಲೆಕ್ಕ ನೋಡಿ. 1951ರ ‘ಬಾಜಿ’ಯಿಂದ 1959ರ ‘ಕಾಗಜ್ ಕೆ ಫೂಲ್’ವರೆಗೆ ಅವರು ನಿರ್ದೇಶಿಸಿದ ಚಿತ್ರಗಳು ಎಂಟು. ‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’, ‘ಪ್ಯಾಸಾ’ ಎಲ್ಲವೂ ಈ ಒಂಬತ್ತು ವರ್ಷಗಳ ಫಸಲು. ದೇಶದ ಮೊದಲ ಸಿನೆಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ ನೆಲಕಚ್ಚಿತು. ಯಶಸ್ಸು ಕೈಬಿಟ್ಟ ಮೇಲೆ ಕುಡಿತಕ್ಕೆ ಬಿದ್ದು, ಖಾಲಿ ಸ್ಟುಡಿಯೋದಲ್ಲಿ ತನ್ನ ಹಳೆಯ ಕುರ್ಚಿಯಲ್ಲೇ ಸಾಯುವ ನಿರ್ದೇಶಕನ ಕಥೆ ಅದು. ಅಂದಿನಿಂದ ಯಾವ ಚಿತ್ರಕ್ಕೂ ನಿರ್ದೇಶಕನಾಗಿ ಅವರು ತಮ್ಮ ಹೆಸರು ಹಾಕಲಿಲ್ಲ.

ಹಾಗೆಂದು ಕಸುಬು ಕೈಬಿಟ್ಟಿರಲಿಲ್ಲ. ಮರುವರ್ಷವೇ ನಿರ್ಮಾಪಕರಾಗಿ ‘ಚೌದವೀ ಕಾ ಚಾಂದ್’ ಗೆಲ್ಲಿಸಿ, ಹೋದ ಹಣ ಮರಳಿ ತಂದರು. ಕೈಬಿಟ್ಟಿದ್ದು ನಿದ್ದೆ. ದಾಂಪತ್ಯ ಬಿರುಕುಬಿಟ್ಟಿತ್ತು. ಪಾಲಿ ಹಿಲ್‌ನ ಸ್ವಂತ ಬಂಗಲೆಯನ್ನು ತಾವೇ ಕೆಡವಿಸಿದ್ದರು. ನಿದ್ದೆಗಾಗಿ ಮದ್ಯ, ಮದ್ಯ ಸಾಲದಾದಾಗ ಗುಳಿಗೆ ಎಂಬ ಸುತ್ತು ಹಿಡಿಯಿತು.

ಈ ಸುತ್ತಿನ ಒಳಮರ್ಮವನ್ನು ಈಗ ಯಾವ ವೈದ್ಯರೂ ಬಿಡಿಸಿ ಹೇಳುತ್ತಾರೆ. ಮದ್ಯ ಬೇಗ ಮಂಪರು ತರಿಸುತ್ತದೆ, ಆದರೆ ರಾತ್ರಿಯ ದ್ವಿತೀಯಾರ್ಧದಲ್ಲಿ ನಿದ್ದೆಯನ್ನು ಚೂರುಚೂರು ಮಾಡುತ್ತದೆ. ದಿನ ಕಳೆದಂತೆ ಅಷ್ಟೇ ಮಂಪರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಎಚ್ಚರವಾದಾಗ ಹಚ್ಚುವ ಸಿಗರೇಟಿನ ನಿಕೋಟಿನ್ ಉತ್ತೇಜಕ, ಬರುವ ನಿದ್ದೆಯನ್ನೂ ಓಡಿಸುತ್ತದೆ. ಮದ್ಯ ಮತ್ತು ನಿದ್ದೆಗುಳಿಗೆ ಎರಡೂ ಮಿದುಳನ್ನು ಮಂದಗೊಳಿಸುವಂಥವು. ಒಟ್ಟಿಗೆ ಸೇರಿದಾಗ ಉಸಿರಾಟವನ್ನು ನಡೆಸುವ ಕೇಂದ್ರವೇ ಸೋಲಬಹುದು.

1964ರ ಅಕ್ಟೋಬರ್ 10ರ ಬೆಳಿಗ್ಗೆ ಪೆಡ್ಡರ್ ರಸ್ತೆಯ ಬಾಡಿಗೆ ಮನೆಯಲ್ಲಿ ಕಂಡದ್ದು ಇದೇ. ಹಿಂದಿನ ರಾತ್ರಿ ಗೆಳೆಯ, ಲೇಖಕ ಅಬ್ರಾರ್ ಅಲ್ವಿ ಜೊತೆ ‘ಬಹಾರೇ ಫಿರ್ ಭೀ ಆಯೇಂಗಿ’ ಚಿತ್ರದ ಕೆಲಸದ ಮಾತುಕತೆ ನಡೆದಿತ್ತು. ಆತ್ಮಹತ್ಯೆಯೋ, ಅಳತೆ ತಪ್ಪಿದ್ದೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಮುಗಿಯಬೇಕಾಗಿಯೂ ಇಲ್ಲ. ಮದ್ಯ ಮತ್ತು ಗುಳಿಗೆ ಎಂಬ ಉತ್ತರ ಎರಡಕ್ಕೂ ಸಮಾನ.

ಒಂದೇ ಚಿತ್ರದ ಮೂವರು

ಈ ಸಾವನ್ನು ಒಂಟಿಯಾಗಿ ನೋಡಿದರೆ ದುಃಖಿ ಕಲಾವಿದನ ಕಥೆಯಾಗಿಬಿಡುತ್ತದೆ. ಪಕ್ಕದಲ್ಲಿ ಇನ್ನೆರಡನ್ನು ಇಟ್ಟು ನೋಡಬೇಕು.

1962ರಲ್ಲಿ ಗುರುದತ್ ನಿರ್ಮಿಸಿದ ‘ಸಾಹಿಬ್ ಬೀಬಿ ಔರ್ ಗುಲಾಮ್’ ಬಿಮಲ್ ಮಿತ್ರರ ಬಂಗಾಳಿ ಕಾದಂಬರಿಯನ್ನು ಆಧರಿಸಿದ್ದು, ನಿರ್ದೇಶನ ಅಬ್ರಾರ್ ಅಲ್ವಿ ಅವರದು. ಜಮೀನ್ದಾರರ ಮನೆಯ ಚೋಟಿ ಬಹು, ಗಂಡ ಮನೆಯಲ್ಲಿ ನಿಲ್ಲಲಿ ಎಂಬ ಆಸೆಗೆ ಅವನೊಡನೆ ಗ್ಲಾಸು ಹಿಡಿಯುತ್ತಾಳೆ. ಗಂಡ ನಿಲ್ಲುವುದಿಲ್ಲ, ಗ್ಲಾಸು ಬಿಡುವುದಿಲ್ಲ. ಅವಳ ಮಾತಿಗೆ ಕಟ್ಟುಬಿದ್ದು ಮದ್ಯ ತಂದುಕೊಡುವ, ಆಮೇಲೆ ಬಿಡು ಎಂದು ಅಂಗಲಾಚುವ ಭೂತನಾಥನಾಗಿ ಸ್ವತಃ ಗುರುದತ್. ಚೋಟಿ ಬಹು ಮೀನಾಕುಮಾರಿ. ಆ ಪಾತ್ರಕ್ಕೆ ಹಾಡಿನ ದನಿ ಗೀತಾ ದತ್, ಗುರುದತ್ ಅವರ ಪತ್ನಿ.

ತೆರೆಯ ಮೇಲೆ ಕುಡಿತದ ನಾಶವನ್ನು ಇಷ್ಟು ನಿಖರವಾಗಿ ತೋರಿಸಿದ ಈ ಮೂವರೂ ಹತ್ತು ವರ್ಷದೊಳಗೆ ಅದಕ್ಕೇ ಬಲಿಯಾದರು. ಗುರುದತ್ 1964ರಲ್ಲಿ. ಮೀನಾಕುಮಾರಿ 1972ರ ಮಾರ್ಚ್ 31ರಂದು, 38ನೇ ವಯಸ್ಸಿಗೆ. ಗೀತಾ ದತ್ ಅದೇ ವರ್ಷದ ಜುಲೈ 20ರಂದು, 41ಕ್ಕೆ. ಇಬ್ಬರು ಹೆಣ್ಣುಮಕ್ಕಳಿಗೂ ಬಂದದ್ದು ಯಕೃತ್ತಿನ ಸಿರೋಸಿಸ್.

ಯಕೃತ್ತು ಬಹುಕಾಲ ನೋವನ್ನೇ ತೋರದ ಅಂಗ. ಮದ್ಯದಿಂದ ಗಾಯಗೊಂಡ ಭಾಗ ಗಡಸು ಕಲೆಯಾಗಿ ಉಳಿಯುತ್ತಾ ಬರುತ್ತದೆ. ಕಾಮಾಲೆ, ಹೊಟ್ಟೆಯಲ್ಲಿ ನೀರು, ರಕ್ತವಾಂತಿ ಕಾಣಿಸುವ ಹೊತ್ತಿಗೆ ಹಾನಿ ಬಹುಪಾಲು ಮುಗಿದಿರುತ್ತದೆ. ಗಂಡಸರಿಗಿಂತ ಕಡಿಮೆ ಮದ್ಯಕ್ಕೆ, ಕಡಿಮೆ ವರ್ಷಗಳಲ್ಲಿ ಹೆಂಗಸರ ಯಕೃತ್ತು ಕೆಡುತ್ತದೆ. ಹೊಗೆಯೂ ಸೇರಿದರೆ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ಕೂಡುವುದಲ್ಲ, ಗುಣಿಸುತ್ತದೆ. ಹಾಲಿವುಡ್‌ನಲ್ಲಿ ಸಿಗರೇಟಿಗೇ ಹೆಸರಾದ, ಮದ್ಯವನ್ನೂ ಬಿಡದ ಹಂಫ್ರಿ ಬೊಗಾರ್ಟ್ 1957ರಲ್ಲಿ ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ 57.

ಕುಡಿಯದ ಕುಡುಕ

‘ನೋವುಂಡು ಕುಡಿದದ್ದಕ್ಕೇ ಅಂಥ ಚಿತ್ರ ಬಂತು’ ಎನ್ನುವವರಿಗೆ ಉತ್ತರ ಗುರುದತ್ ಅವರ ಬಳಗದಲ್ಲೇ ಇದೆ. ಹಿಂದಿ ತೆರೆಯ ಅತಿ ಪ್ರಸಿದ್ಧ ಕುಡುಕ ಜಾನಿ ವಾಕರ್ ಹಿಂದೆ ಮುಂಬೈ ಬೆಸ್ಟ್ ಬಸ್ಸಿನ ಕಂಡಕ್ಟರ್. ವಿಸ್ಕಿಯ ಹೆಸರನ್ನು ಅವರಿಗಿಟ್ಟವರು ಗುರುದತ್. ಜಾನಿ ವಾಕರ್ ಜೀವನದಲ್ಲಿ ಕುಡಿದವರೇ ಅಲ್ಲ, 2003ರವರೆಗೆ ಬಾಳಿದರು. ತೂರಾಡುವ ಹೆಜ್ಜೆಯನ್ನು ಅವರು ನೋಡಿ ಕಲಿತರು, ಮೈಗೆ ಹಚ್ಚಿಕೊಳ್ಳಲಿಲ್ಲ. ನಮ್ಮ ಯಕ್ಷಗಾನದಲ್ಲಿ ರಾತ್ರಿಯಿಡೀ ಕೀಚಕನಾದವ ಬೆಳಗಿಗೆ ಚೌಕಿಯಲ್ಲಿ ಎಣ್ಣೆ ಹಚ್ಚಿ ಬಣ್ಣ ಒರೆಸಿ ಮನುಷ್ಯನಾಗುವಂತೆ.

‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿಯಿಂದ ಬಿಸಿಲನ್ನು ತಿರುಗಿಸಿ ಬೆಳಕಿನ ಕೋಲು ಮೂಡಿಸಿದ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರ ಆಯುಷ್ಯವನ್ನೇ ನೋಡಿ. ಹುಟ್ಟಿದ್ದು 1923, ಗುರುದತ್‌ಗಿಂತ ಎರಡು ವರ್ಷ ಹಿರಿಯರು. 1993ರಲ್ಲಿ ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾಗಿ, ತೊಂಬತ್ತು ದಾಟಿ, 2014ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಗುರುದತ್‌ಗೆ ಗೆಳೆಯನ ಆಯುಷ್ಯದ ಅರ್ಧಕ್ಕಿಂತಲೂ ಕಡಿಮೆ ದಕ್ಕಿತು. ಅವರು ಬಿಟ್ಟುಹೋದ ‘ಬಹಾರೇ ಫಿರ್ ಭೀ ಆಯೇಂಗಿ’ ಧರ್ಮೇಂದ್ರ ಅವರೊಡನೆ 1966ರಲ್ಲಿ ಬಂತು. ಕೆ. ಆಸಿಫರ ‘ಲವ್ ಅಂಡ್ ಗಾಡ್’ನಲ್ಲಿ ಗುರುದತ್ ಮಾಡುತ್ತಿದ್ದ ಮಜನೂ ಪಾತ್ರ ಸಂಜೀವ್ ಕುಮಾರ್ ಪಾಲಾಗಿ, ಚಿತ್ರ ತೆರೆಕಂಡದ್ದು 1986ರಲ್ಲಿ. ಪತ್ನಿಯನ್ನು ನಾಯಕಿಯಾಗಿಸಿ ಶುರುಮಾಡಿದ ‘ಗೌರಿ’ ಪೂರ್ತಿಯಾಗಲೇ ಇಲ್ಲ.

ಕಲೆಗೆ ಆಯುಷ್ಯ ಬೇಕು ಎಂಬುದು ಇಡಗುಂಜಿ ಸೀಮೆಗೆ ಹೊಸ ಮಾತಲ್ಲ. ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಇಡಗುಂಜಿ ಗಣಪತಿಯ ಹೆಸರಲ್ಲಿ ಕಟ್ಟಿದ ಯಕ್ಷಗಾನ ಮೇಳ ತಲೆಮಾರುಗಳನ್ನು ದಾಟಿ ಬಂದಿದೆ. ಚಿಟ್ಟಾಣಿ ರಾಮಚಂದ್ರ ಹೆಗಡೆ ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಆದರೂ ನಟನೋ ಹಾಡುಗಾರನೋ ಕುಡಿತಕ್ಕೆ ಬಿದ್ದಾಗ ನಮ್ಮ ಕಡೆಯೂ ಕೇಳುವುದು ಒಂದೇ ಸಮಾಧಾನ: ‘ಸ್ವಲ್ಪ ಅಭ್ಯಾಸ ಇದ್ದು, ಆದರೆ ದೊಡ್ಡ ಕಲಾವಿದ.’ ಆ ‘ಆದರೆ’ಯ ಮರೆಯಲ್ಲಿ ರೋಗ ಬೆಳೆಯುತ್ತದೆ.

ಗುರುದತ್ ಕಾಲದಲ್ಲಿ ಖಿನ್ನತೆಗೂ ವ್ಯಸನಕ್ಕೂ ಚಿಕಿತ್ಸೆಯ ದಾರಿಗಳು ಕಡಿಮೆ, ಹೇಳಿಕೊಳ್ಳಲು ನಾಚಿಕೆ ಹೆಚ್ಚು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನಸ್ಸು ಕುಸಿದವರಿಗೆ ಟೆಲಿ ಮಾನಸ್ 14416, ತಂಬಾಕು ಬಿಡಬೇಕೆನ್ನುವವರಿಗೆ 1800-11-2356, ಎರಡೂ ಉಚಿತ ಕರೆ. 2025ರಲ್ಲಿ ಗುರುದತ್ ಶತಮಾನೋತ್ಸವಕ್ಕೆ ನಾವೆಲ್ಲ ‘ಪ್ಯಾಸಾ’ ನೋಡಿ ನಿಟ್ಟುಸಿರುಬಿಟ್ಟೆವು. ನಿಟ್ಟುಸಿರು ಸುಲಭ. ನಮ್ಮ ನಡುವಿನ ಕಲಾವಿದನೊಬ್ಬ ಮೂರು ತಿಂಗಳಿಂದ ನಿದ್ದೆಯಿಲ್ಲ ಎಂದಾಗ ಅವನ ಗ್ಲಾಸು ತುಂಬಿಸದೆ 14416 ಒತ್ತಿಕೊಡುವುದು ಅಭಿಮಾನಿಯ ನಿಜವಾದ ಕೆಲಸ.