ನಲವತ್ತರ ಕಣ್ಣಿಗೆ ಚಾಳೀಸು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಮಾಚೇನಹಳ್ಳಿ ಎಂದರೆ ಹಾಲು ಒಕ್ಕೂಟದ ಡೇರಿ ಮತ್ತು ಕೈಗಾರಿಕಾ ಪ್ರದೇಶ. ಇಂಥ ಕಡೆ ಇಪ್ಪತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ಪಳಗಿದ ಕೆಲಸಗಾರನಿಗೂ ಒಂದು ದಿನ ಗಲಿಬಿಲಿಯಾಗುತ್ತದೆ. ವರ್ನಿಯರ್ ಅಳತೆಯ ಸಣ್ಣ ಗೆರೆಗಳು ಒಂದರೊಳಗೊಂದು ಸೇರಿದಂತೆ ಕಾಣುತ್ತವೆ. ತೋಳು ಚಾಚಿ ಹಿಡಿದರೆ ಗೆರೆ ಸ್ಪಷ್ಟ, ಹತ್ತಿರ ತಂದರೆ ಮಸುಕು. ದೂರದ ಬಸ್ಸಿನ ಬೋರ್ಡನ್ನು ಸಲೀಸಾಗಿ ಓದುವ ಕಣ್ಣಿಗೆ ಕೈಯಲ್ಲಿರುವುದೇ ಕಾಣದು!

ಜನರ ಬಾಯಲ್ಲಿ ಇದರ ಹೆಸರು ಚಾಳೀಸು. ಹಿಂದಿ, ಮರಾಠಿಗಳಲ್ಲಿ ನಲವತ್ತನ್ನು ಸೂಚಿಸುವ ಪದವೇ ಕನ್ನಡಕ್ಕೆ ಬಂದು, ನಲವತ್ತರ ಕಣ್ಣಿಗೂ ಅದಕ್ಕೆ ಹಾಕುವ ಕನ್ನಡಕಕ್ಕೂ ಹೆಸರಾಗಿ ನಿಂತಿದೆ. ವೈದ್ಯರು ಇದನ್ನು ಪ್ರೆಸ್‌ಬಯೋಪಿಯಾ ಎನ್ನುತ್ತಾರೆ.

ಚಾಳೀಸು ರೋಗವಲ್ಲ. ಕಣ್ಣಿನೊಳಗಿನ ಮಸೂರ ಎಳೆಯ ವಯಸ್ಸಿನಲ್ಲಿ ಮೆತುವಾಗಿರುತ್ತದೆ. ಹತ್ತಿರದ ವಸ್ತುವನ್ನು ನೋಡುವಾಗ ಅದು ಉಬ್ಬಿಕೊಳ್ಳುತ್ತದೆ, ದೂರ ನೋಡುವಾಗ ತೆಳುವಾಗುತ್ತದೆ. ಹತ್ತು ವರ್ಷದ ಮಗು ಏಳೆಂಟು ಸೆಂಟಿಮೀಟರ್ ಹತ್ತಿರದ ಅಕ್ಷರವನ್ನೂ ಓದಬಲ್ಲದು. ವಯಸ್ಸಾದಂತೆ ಮಸೂರ ಗಡುಸಾಗಿ ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. ಕನ್ನಡಕ ಹಾಕಿದರೆ ಕಣ್ಣು ಇನ್ನಷ್ಟು ಕೆಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಹಾಕಲಿ, ಬಿಡಲಿ, ಅರವತ್ತರವರೆಗೆ ನಂಬರು ಏರುತ್ತಲೇ ಹೋಗುತ್ತದೆ.

ಇದಕ್ಕೆ ಪರಿಹಾರ ಮೊದಲು ಸಿಕ್ಕಿದ್ದು ಇಟಲಿಯಲ್ಲಿ, 13ನೇ ಶತಮಾನದ ಕೊನೆಯ ಹೊತ್ತಿಗೆ. ಕನ್ನಡ ನಾಡಿನಲ್ಲಿ ಅದರ ಸುಳಿವು ಸಿಗುವುದು ವಿಜಯನಗರದಲ್ಲಿ. ಪುರಂದರದಾಸರು ಮತ್ತು ಕನಕದಾಸರ ಗುರುಗಳೆಂದು ಪ್ರಸಿದ್ಧರಾದ ವ್ಯಾಸರಾಯರು 1539ರಲ್ಲಿ ತೀರಿಕೊಂಡರು. ಅವರ ಕಾಲದವನೇ ಆದ ಸೋಮನಾಥ ಕವಿ ‘ವ್ಯಾಸಯೋಗಿಚರಿತ’ ಎಂಬ ಸಂಸ್ಕೃತ ಚಂಪೂ ಕಾವ್ಯದಲ್ಲಿ, ಅವರು ಕನ್ನಡಕದ ನೆರವಿನಿಂದ ಗ್ರಂಥ ಓದುತ್ತಿದ್ದುದನ್ನು ವರ್ಣಿಸಿದ್ದಾನೆ. ಇದು ಸುಮಾರು 1520ರ ಸಂಗತಿಯೆಂದು ವಿದ್ವಾಂಸ ಪಿ.ಕೆ. ಗೋಡೆ ಗುರುತಿಸಿದರು. 1510ರಲ್ಲಿ ಗೋವೆಯನ್ನು ಹಿಡಿದಿದ್ದ ಪೋರ್ಚುಗೀಸರ ಮೂಲಕ ಅದು ವಿಜಯನಗರಕ್ಕೆ ಬಂದಿರಬಹುದು ಎಂಬುದು ಊಹೆ.

ಅಂದಿನಿಂದಲೂ ಕನ್ನಡಕವೆಂದರೆ ಓದು ಬಲ್ಲವರ ಸೊತ್ತು ಎಂಬ ಭಾವನೆ ಬೇರೂರಿದೆ. ‘ನಾನೇನು ಪುಸ್ತಕ ಓದಬೇಕೆ?’ ಎಂದು ಎಷ್ಟೋ ಮಂದಿ ಸುಮ್ಮನಾಗುತ್ತಾರೆ. ಆದರೆ ಸೂಜಿಗೆ ದಾರ ಪೋಣಿಸುವುದಕ್ಕೆ, ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೆ, ಅಡಿಕೆ ವಿಂಗಡಿಸುವುದಕ್ಕೆ ಅಕ್ಷರಜ್ಞಾನ ಬೇಡ, ಹತ್ತಿರದ ದೃಷ್ಟಿ ಬೇಕು. ಸಾಗರ, ಸೊರಬಗಳ ಗುಡಿಗಾರರ ಗಂಧದ ಕೆತ್ತನೆಯೂ ಅಷ್ಟೆ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದವರ ದುಡಿಮೆ, ಪಡೆಯದವರಿಗಿಂತ ಸುಮಾರು ಶೇ 22ರಷ್ಟು ಹೆಚ್ಚಿತ್ತು. ಕಣ್ಣು ಮಂಜಾದಾಗ ಕೂಲಿಯೂ ಕರಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪರಿಹಾರಗಳು ಹಲವು. ಓದಿಗೆ, ಕೈಗೆಲಸಕ್ಕೆ ಮಾತ್ರ ಹಾಕುವ ಕನ್ನಡಕ ಎಲ್ಲಕ್ಕಿಂತ ಸರಳ, ಅಗ್ಗ. ದೂರಕ್ಕೂ ನಂಬರು ಇದ್ದವರಿಗೆ ಮೇಲೊಂದು, ಕೆಳಗೊಂದು ನಂಬರಿನ ಬೈಫೋಕಲ್ ಅನುಕೂಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1784ರ ಪತ್ರವೊಂದರಲ್ಲಿ ತನ್ನ ಇಂಥ ಕನ್ನಡಕವನ್ನು ಹೊಗಳಿಕೊಂಡಿದ್ದ. ನಡುವೆ ಗೆರೆಯಿಲ್ಲದ ಪ್ರೋಗ್ರೆಸಿವ್ ಗಾಜು 1959ರಲ್ಲಿ ಫ್ರಾನ್ಸಿನಲ್ಲಿ ಮಾರುಕಟ್ಟೆಗೆ ಬಂತು. ಆದರೆ ಅದರ ಅಂಚುಗಳಲ್ಲಿ ನೋಟ ಕದಲುವುದರಿಂದ ರೂಢಿಯಾಗಲು ಕೆಲವು ದಿನ ಬೇಕು. ಬೈಫೋಕಲ್, ಪ್ರೋಗ್ರೆಸಿವ್ ಎರಡರಲ್ಲೂ ಮೆಟ್ಟಿಲು ಇಳಿಯುವಾಗ ಕೆಳಭಾಗದಿಂದ ನೋಡಿದರೆ ಹೆಜ್ಜೆ ತಪ್ಪೀತು. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಕಾಂಟ್ಯಾಕ್ಟ್ ಲೆನ್ಸ್ ಕೆಲವರಿಗೆ ಒಗ್ಗುತ್ತದೆ. 2021ರಲ್ಲಿ ಅಮೆರಿಕ ಅನುಮತಿಸಿದ ಪೈಲೋಕಾರ್ಪಿನ್ ಹನಿಯ ಪ್ರಭಾವ ಕೆಲವೇ ಗಂಟೆ ಉಳಿಯುತ್ತದೆ.

ಅರವತ್ತು ದಾಟಿದ ಮೇಲೆ ಬರುವ ಕಣ್ಣಿನ ಪೊರೆಯ ಕಥೆ ಬೇರೆ. ಅಲ್ಲಿ ಮಸೂರವೇ ಮಬ್ಬಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ (1916–2005) ಊರೂರಿನಲ್ಲಿ ಶಿಬಿರ ನಡೆಸಿ ಪೊರೆ ತೆಗೆದು ಲಕ್ಷಾಂತರ ಜನರ ಪಾಲಿಗೆ ‘ಕಣ್ಣು ಕೊಟ್ಟ ಅಣ್ಣ’ನಾದರು. ಆ ಕಾಲದಲ್ಲಿ ಮಸೂರ ತೆಗೆದವರಿಗೆ ಸೋಡಾಬುಡ್ಡಿಯಂಥ ದಪ್ಪ ಕನ್ನಡಕವೇ ಗತಿ. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣಿನೊಳಗೆ ಕೃತಕ ಮಸೂರ ಕೂರಿಸಿದ್ದರೂ ಅದು ನಮ್ಮ ಹಳ್ಳಿಗಳನ್ನು ತಲುಪಲು ದಶಕಗಳೇ ಹಿಡಿದವು. ಇಂದು ಅದು ಸಾಮಾನ್ಯ. ದೂರಕ್ಕೆ ಹೊಂದಿಸಿದ ಸಾದಾ ಮಸೂರ ಹಾಕಿಸಿಕೊಂಡವರಿಗೆ ಓದಲು ಚಾಳೀಸು ಬೇಕೇ ಬೇಕು.

ಒಂದು ಎಚ್ಚರಿಕೆ. ಸಂತೆಯಲ್ಲಿ ಕೊಂಡ ಕನ್ನಡಕದಿಂದ ಕಣ್ಣು ಕೆಡದು. ಕೆಡುವುದು ತಪಾಸಣೆ ತಪ್ಪಿದ್ದರಿಂದ. ಗ್ಲಾಕೋಮಾ ನೋವಿಲ್ಲದೆ ದೃಷ್ಟಿ ಕದಿಯಬಲ್ಲದು. ಸಕ್ಕರೆ ಕಾಯಿಲೆಯವರ ಅಕ್ಷಿಪಟಲದ ಹಾನಿಯೂ ಮೊದಮೊದಲು ಗೊತ್ತಾಗದು. ಎಪ್ಪತ್ತರ ಅಜ್ಜ ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಪೇಪರ್ ಓದತೊಡಗಿದರೆ ಮನೆಯವರು ಹಿಗ್ಗುತ್ತಾರೆ. ಅದು ಪೊರೆ ಬಲಿಯುತ್ತಿರುವುದರ ಗುರುತಾಗಿರಬಹುದು.

ಮಾಚೇನಹಳ್ಳಿಯ ಕೆಲಸಗಾರನಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ದೂರವಲ್ಲ. ನಲವತ್ತು ತುಂಬಿದ ಮೇಲೆ ಅಲ್ಲಿಗೆ ಒಮ್ಮೆ ಹೋಗಿ ಬರುವುದಕ್ಕೆ ನಾಚಿಕೆ ಪಡಬೇಕಾಗಿಲ್ಲ. ವಿಜಯನಗರದ ಗುರುವಿನ ಮೂಗಿನ ಮೇಲೆ ಕುಳಿತದ್ದು ಲೇತ್ ಹಿಡಿದವನ ಮೂಗಿನ ಮೇಲೂ ಕೂರಬಹುದು. ಅನುಭವ ಮಾಗಿ, ಕೈ ಪಳಗಿರುವ ವಯಸ್ಸಿನಲ್ಲೇ ಕಣ್ಣು ಕೈಕೊಡುತ್ತದೆ. ಆ ಪಳಗಿದ ಕೈಯನ್ನು ಕೆಲಸದಲ್ಲಿ ಉಳಿಸುವುದು ಎರಡು ಚೂರು ಗಾಜು.